ಕೆರೆಯ ತಳದ ಬಾಗಿಲು

ನಮ್ಮ ಊರಿನಲ್ಲಿ ರಾತ್ರಿ ಎಲ್ಲರಿಗೂ ಬೀಳುವುದು ಒಂದೇ ಕನಸು. ಯಾರೋ ಒಬ್ಬರ ಕನಸನ್ನು ಊರೆಲ್ಲ ನೋಡುತ್ತದೆ. ಹಾಗಾಗಿ ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ನಿಂತು "ರಾತ್ರಿ ಎಂಥಾ ಕನಸು ಬಿತ್ತು ಗೊತ್ತಾ" ಎಂದು ಯಾರೂ ಶುರು ಮಾಡುವುದಿಲ್ಲ. ಪರೀಕ್ಷೆಗೆ ಬರಿಮೈಯಲ್ಲಿ ಹೋದ ಕನಸು ಬಿದ್ದರೆ ಮಾರನೆಯ ದಿನ ಹೈಸ್ಕೂಲಿನ ಮಕ್ಕಳೆಲ್ಲ ತಲೆ ತಗ್ಗಿಸಿಕೊಂಡು ನಡೆಯುತ್ತಾರೆ. ಪುರಸಭೆಯ ಅಧ್ಯಕ್ಷರು ಕುದುರೆಯಾಗಿ ಜಟಕಾ ಎಳೆದ ಕನಸು ಬಿದ್ದಾಗ, ನಗು ಬಂದೀತೆಂದು ಊರಿಗೆ ಊರೇ ವಾರವಿಡೀ ಅವರೆದುರು ಮುಖ ಬಿಗಿದುಕೊಂಡು ಓಡಾಡಿತು. ಸತ್ತವರು ಯಾರಾದರೂ ಬಂದಿದ್ದರೆ ಹೆಸರುಬೇಳೆ ಪಾಯಸ ಮಾಡಿ, ಒಂದು ಡಬ್ಬಿಯಲ್ಲಿ ಹಾಕಿ, ಆ ಮನೆಯ ಜಗಲಿಯ ಮೇಲೆ ಇಟ್ಟು ಬರುತ್ತೇವೆ. ಕದ ತಟ್ಟುವುದಿಲ್ಲ. "ನಿಮ್ಮದಾ?" ಎಂದು ಕೇಳುವುದಂತೂ ಇಲ್ಲವೇ ಇಲ್ಲ. ನಮ್ಮಲ್ಲಿ ಅದಕ್ಕಿಂತ ಒರಟು ಮಾತು ಬೇರೆ ಇಲ್ಲ. ಕನಸು ಯಾರದೋ ಅವರಿಗೆ ಮಾತ್ರ ಅದರ ವಾಸನೆ ಗೊತ್ತಾಗುತ್ತದೆ. ಉಳಿದವರಿಗೆ ನೋಟ, ಮಾತು, ಅಷ್ಟೇ.

ನನಗೀಗ ನಲವತ್ತಾರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಇಷ್ಟು ವರ್ಷಗಳಲ್ಲಿ ಒಂದು ಕನಸಿನಲ್ಲೂ ನನ್ನ ಮೂಗಿಗೆ ಏನೂ ತಾಕಿದ್ದಿಲ್ಲ. ಮಲ್ಲಿಗೆ ತೋಟದ ಕನಸಿನಲ್ಲಿ ಕಂಪಿರಲಿಲ್ಲ, ಬೆಂಕಿ ಬಿದ್ದ ಕನಸಿನಲ್ಲಿ ಹೊಗೆಯ ಘಾಟಿರಲಿಲ್ಲ. ಊರಿನ ಎಲ್ಲರ ಮನಸ್ಸಿನೊಳಕ್ಕೂ ನಾನು ಹೋಗಿ ಬಂದಿದ್ದೇನೆ. ನನ್ನದರೊಳಕ್ಕೆ ಯಾರೂ ಬಂದವರಿಲ್ಲ. ಇದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮಾರ್ಕೆಟ್ ರಸ್ತೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಹಗಲೆಲ್ಲ ದೇವರು, ಮದುಮಕ್ಕಳು, ತೀರಿಕೊಂಡವರು ಎಂದು ಊರಿನವರ ಮುಖಗಳನ್ನು ಗಾಜಿನ ಹಿಂದೆ ಕೂರಿಸುವುದು, ಕತ್ತಲಾದ ಮೇಲೆ ಮೆಟ್ಟಿಲು ಹತ್ತಿ ಹೋಗಿ ಒಂದು ತಟ್ಟೆ ಇಟ್ಟುಕೊಂಡು ಉಣ್ಣುವುದು. ಹಾಗೇ ನಡೆದಿತ್ತು, ಆ ಆಟ ಬರುವ ತನಕ.

ಗಾಜು ತಂದುಕೊಡುವ ಏಜೆಂಟ್ ಒಮ್ಮೆ ಒಂದು ರಟ್ಟಿನ ಡಬ್ಬ ಬಿಟ್ಟುಹೋದ. ಅದನ್ನು ಯಾರೋ ಲಾಡ್ಜಿನಲ್ಲಿ ಮರೆತು ಹೋಗಿದ್ದರಂತೆ. ಒಳಗೆ ವಿಚಿತ್ರ ದಾಳಗಳು. ನಾಲ್ಕು ಮುಖದ್ದು, ಎಂಟು ಮುಖದ್ದು, ನೆಲ್ಲಿಕಾಯಿಯಷ್ಟು ದುಂಡಗೆ ಇಪ್ಪತ್ತು ಮುಖದ್ದು. ಜೊತೆಗೆ ಹುಳ ತಿಂದ ಒಂದು ಪುಸ್ತಕ. ಉಳಿದ ಪುಟಗಳಿಂದ ನನಗೆ ತಿಳಿದದ್ದು ಇಷ್ಟು: ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ಒಂದು ಲೋಕವನ್ನು ಬಾಯಲ್ಲೇ ಕಟ್ಟುತ್ತಾ ಹೋಗಬೇಕು. ಮಿಕ್ಕವರು ಆ ಲೋಕದ ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಸೋಲು ಗೆಲುವು ಇಲ್ಲ. ಮುಂದೇನಾಯಿತು ಎಂಬುದೇ ಆಟ.

ಮೊದಲು ಸಿಕ್ಕವರು ಶಿವನಂಜ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಯ ಹೊರಕೋಣೆಯಲ್ಲಿದ್ದರು. ಬೀಳ್ಕೊಡುಗೆಯ ಫೋಟೊ ತಂದವರು, ದಾಳ ನೋಡಿ ಕೂತೇಬಿಟ್ಟರು. ಎರಡನೆಯವನು ಮಾದೇಶ, ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವವನು. ಮೂರನೆಯವಳು ಆರೋಗ್ಯ ಕೇಂದ್ರದ ನರ್ಸ್ ಜುಲೇಖಾ. ಊರಿಗೆಲ್ಲ ಅವಳು ಸಿಸ್ಟರ್, ಆದರೆ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಭಾನುವಾರ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು, ಗಾಜು ಕತ್ತರಿಸುವ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಆಡುತ್ತಿದ್ದೆವು. ಲೋಕ ಕಟ್ಟುವ ಕೆಲಸ ನನ್ನದು. "ಬಯಲಾಟಕ್ಕೆ ಭಾಗವತರು ಇದ್ದ ಹಾಗೆ ನಮಗೆ ವನಮಾಲಮ್ಮ" ಎಂದು ಮೇಷ್ಟ್ರು ಎಲ್ಲರೆದುರು ಹೇಳುತ್ತಿದ್ದರು.

ಮೇಷ್ಟ್ರು ಆಟದಲ್ಲಿ ಚಿಟ್ಟೆ ಎಂಬ ಹನ್ನೆರಡು ವರ್ಷದ ಕಳ್ಳಿ. ಆರಡಿ ಎತ್ತರದ ಆ ಮನುಷ್ಯ, ಊರಿನ ಎರಡು ತಲೆಮಾರಿಗೆ ಬಿಸಿಲಲ್ಲಿ ಕವಾಯತು ಮಾಡಿಸಿದವರು, ಗಂಟಲು ಸಣ್ಣಗೆ ಮಾಡಿಕೊಂಡು "ನಾನು ಮೆಲ್ಲಗೆ ಗೋಡೆ ಹತ್ತಿದೆ ಕಣ್ರೋ" ಎನ್ನುವಾಗ ನಮಗೆ ನಗು ಬರುತ್ತಿರಲಿಲ್ಲ. ಹುಡುಗಿ ಜಾರಿ ಬಿದ್ದಾಳೆಂದು ಎದೆ ಡವಗುಟ್ಟುತ್ತಿತ್ತು. ಮಾದೇಶ ಮತಿಸಾಗರನೆಂಬ ಮಂತ್ರಿ. ನಾಟಕದ ಗ್ರಂಥಭಾಷೆಯಲ್ಲೇ ಮಾತಾಡುತ್ತಿದ್ದ, "ಎಲೈ ಕಾವಲುಗಾರನೇ" ಎಂದು ಶುರುಮಾಡಿ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಬೆವರುತ್ತಿದ್ದ. ಜುಲೇಖಾ ಭೀಮಾಂಬೆ, ಏಳಡಿಯ ಯೋಧೆ. ಮೆತ್ತಗಿನ ದನಿಯ ಜುಲೇಖಾ ದಾಳ ಎಸೆದು, "ಅವನನ್ನ ಎತ್ತಿ ಗೋಡೆಗೆ ಒಗೀತೀನಿ" ಎನ್ನುತ್ತಿದ್ದಳು.

ನಾನು ಕಟ್ಟಿದ ಲೋಕದಲ್ಲಿ ಒಂದು ದೊಡ್ಡ ಕೆರೆ ಒಂದೇ ರಾತ್ರಿಯಲ್ಲಿ ಬತ್ತಿಹೋಗಿತ್ತು. ತಳದ ಕೆಸರಿನಲ್ಲಿ ಒಂದು ಮರದ ಬಾಗಿಲು, ಅದಕ್ಕೆ ಏಳು ಚಿಲಕ. ಒಂದೊಂದು ಚಿಲಕದ ಗುಟ್ಟು ಒಂದೊಂದು ದೇಶದಲ್ಲಿ. ಎರಡು ವರ್ಷಕ್ಕೂ ಮೇಲೆ ಆ ಮೂವರು ಆ ದೇಶಗಳನ್ನೆಲ್ಲ ಸುತ್ತಿದರು. ವಾರದ ಮಧ್ಯೆ ಮಾದೇಶ ಹೆಗಲ ಮೇಲೆ ಸಿಲಿಂಡರ್ ಹೊತ್ತವನು ಅಂಗಡಿಯ ಮುಂದೆ ನಿಂತು, "ಮೇಡಂ, ಬಾಗಿಲ ಹಿಂದೆ ಏನೈತೆ ಅಂತ ನಂಗೊಬ್ಬನಿಗೇ ಹೇಳಿ, ಸತ್ಯವಾಗ್ಲೂ ಬಾಯಿ ಬಿಡಲ್ಲ" ಎನ್ನುತ್ತಿದ್ದ. "ಭಾನುವಾರ ಬಾ" ಎಂದು ಕಳಿಸುತ್ತಿದ್ದೆ. ಅವನು ಹೋದ ಮೇಲೆ ಗಾಜು ಒರೆಸುತ್ತಾ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ನನ್ನೊಳಗಿರುವುದನ್ನು ನೋಡಬೇಕೆಂದು ಊರಿನಲ್ಲಿ ಮೂರು ಜನ ಕಾಯುತ್ತಿದ್ದರು.

ಏಳನೆಯ ಚಿಲಕ ಸರಿದ ದಿನ ಮೇಷ್ಟ್ರು ಎದ್ದು ನಿಂತುಬಿಟ್ಟಿದ್ದರು. ಅಷ್ಟು ಹೊತ್ತಿಗೆ ಸಂಜೆಯಾಗಿತ್ತು. "ಬಾಗಿಲು ಮುಂದಿನ ವಾರ" ಎಂದೆ. ಮೂವರೂ ಒಟ್ಟಿಗೆ ಗದ್ದಲ ಮಾಡಿದರು. ಜುಲೇಖಾ ನನ್ನ ಕೈ ಹಿಡಿದುಕೊಂಡು, "ಒಂದೇ ಒಂದು ಚೂರು ತೆಗೀರಿ ಅಕ್ಕ, ಸಂದಿಯಿಂದ ನೋಡ್ತೀನಿ" ಎಂದಳು. ನಾನು ಒಪ್ಪಲಿಲ್ಲ. ಬಾಗಿಲ ಹಿಂದೆ ಕೆರೆಯ ನೀರನ್ನೆಲ್ಲ ಕುಡಿದು ಮಲಗಿದ ಒಂದು ಸರ್ಪವನ್ನು ಎರಡು ವರ್ಷದಿಂದ ಸಾಕಿಕೊಂಡಿದ್ದೆ. ಅದನ್ನು ಅವಸರದಲ್ಲಿ ಬಿಚ್ಚಲು ಮನಸ್ಸಿರಲಿಲ್ಲ.

ಆ ಶುಕ್ರವಾರ ರಾತ್ರಿ ಊರಿಗೆ ಆ ಬಾಗಿಲಿನ ಕನಸು ಬಿತ್ತು.

ಅದೇ ಕೆಸರು, ಅದೇ ಮರ, ಏಳು ಚಿಲಕ. ಬಾಗಿಲು ಒಳಕ್ಕೆ ತೆರೆದುಕೊಂಡಿತು. ಒಳಗೊಂದು ಅಡುಗೆಮನೆ. ಎತ್ತರದ ಕಿಟಕಿಯಿಂದ ಬೆಳಗಿನ ಬಿಸಿಲು. ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ದೋಸೆ ಹುಯ್ಯುತ್ತಿದ್ದಳು. ನೆಲದ ಮೇಲೆ ಮೂರು ತಟ್ಟೆ ಹಾಕಿತ್ತು. ಅವಳು ತಿರುಗದೆಯೇ, "ಬಂದ್ರಾ? ಕೈ ತೊಳ್ಕೊಳ್ಳಿ" ಎಂದಳು. ಅಷ್ಟೇ, ಎಚ್ಚರವಾಯಿತು.

ಬೆಳಿಗ್ಗೆ ಊರು ಹಬ್ಬದ ದಿನದ ಹಾಗಿತ್ತು. ಹಿಟ್ಟಿನ ಅಂಗಡಿಯಲ್ಲಿ ದೋಸೆಹಿಟ್ಟು ಅರ್ಧ ಗಂಟೆಯಲ್ಲಿ ಖಾಲಿ. ಎಲ್ಲ ಮನೆಗಳಿಂದಲೂ ಕಾವಲಿಯ ಚುಂಯ್ ಸದ್ದು. ಅದು ಯಾವ ಬಾಗಿಲೆಂದು ಯಾರಿಗೂ ಗೊತ್ತಿರಲಿಲ್ಲ, ನಮ್ಮ ನಾಲ್ವರನ್ನು ಬಿಟ್ಟು. ನಾನು ಹಾಸಿಗೆಯ ಮೇಲೆ ಕೂತು ಮೂಗಿನಲ್ಲಿ ಏನಾದರೂ ಉಳಿದಿದೆಯೇ ಎಂದು ಬಹಳ ಹೊತ್ತು ಹುಡುಕಿದೆ. ಏನೂ ಇರಲಿಲ್ಲ. ಉಳಿದ ಮೂವರಲ್ಲಿ ಒಬ್ಬರು ನನ್ನ ಬಾಗಿಲನ್ನು ನನಗಿಂತ ಮೊದಲು ತೆರೆದಿದ್ದರು. ತಟ್ಟೆ ಮೂರೇ ಇದ್ದದ್ದು ನನ್ನ ಕಣ್ಣಿನಿಂದ ಹೋಗಲಿಲ್ಲ.

ಭಾನುವಾರ ಮೂವರೂ ಬಂದರು. ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಜುಲೇಖಾ ಚಪ್ಪಲಿ ಬಿಡುತ್ತಲೇ, "ನಾನು ನೋಡ್ಲೇ ಇಲ್ಲಪ್ಪ, ನೈಟ್ ಡ್ಯೂಟಿ ಇತ್ತು. ಏನೋ ಭಾರೀ ಕನಸಂತೆ?" ಎಂದಳು. ಮಾದೇಶನಿಗೆ ತಡೆಯಲಾಗಲಿಲ್ಲ.

"ಅಯ್ಯೋ ಸಿಸ್ಟರ್, ನಮ್ದೇ ಬಾಗ್ಲು! ಏಳು ಚಿಲಕ ತಗುದ್ರೆ ಒಳಗಡೆ ಅಡುಗೆಮನೆ. ಒಂದು ಹೆಂಗಸು ಆ ಕಡೆ ತಿರುಗಿ ದೋಸೆ ಹುಯ್ತಾವ್ರೆ. ಆದ್ರೆ ಒಂದು ಮಾತು, ಆ ಅಡುಗೆಮನೆ ನಮ್ಮೂರಲ್ಲಿಲ್ಲ. ನಾನು ಹೊಕ್ಕದೆ ಇರೋ ಅಡುಗೆಮನೆ ಯಾವುದೈತೆ ಹೇಳಿ. ಅಷ್ಟೆತ್ತರಕ್ಕೆ ಕಿಟಕಿ ಯಾರ ಮನೇಲೂ ಇಲ್ಲ."

"ಸಾಕು ಮಾದೇಶ" ಎಂದರು ಮೇಷ್ಟ್ರು.

ಜುಲೇಖಾ ದಾಳವನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೇಳಿಸಿಕೊಂಡಳು.

ನಾನು ನನ್ನ ಬಾಗಿಲು ತೆರೆದೆ. ಸರ್ಪವನ್ನು ಬಿಚ್ಚಿದೆ. ಅದರ ಹೊಟ್ಟೆಯೊಳಗೆ ಕೆರೆಯ ಅಲೆ ಬಡಿಯುವ ಸದ್ದು, ಮೈಯ ಹುರುಪೆಗಳಿಗೆ ಸಿಕ್ಕಿಕೊಂಡ ಮುಳುಗಿದ ದೋಣಿಗಳು. ಎರಡು ವರ್ಷ ಕೂಡಿಟ್ಟ ಮಾತುಗಳನ್ನೆಲ್ಲ ಸುರಿದೆ. ಮಾತಾಡುತ್ತಾ ಮಾತಾಡುತ್ತಾ ನನ್ನ ದನಿ ನನಗೇ ಬೇರೆ ಯಾರದ್ದೋ ಎನಿಸತೊಡಗಿತು. ಮಾದೇಶ ಕಿವಿ ಕೆರೆದುಕೊಂಡ. ಮೇಷ್ಟ್ರು ಷಟರಿನ ಕೆಳಗಿಂದ ರಸ್ತೆಯಲ್ಲಿ ಹೋಗುವವರ ಕಾಲುಗಳನ್ನು ನೋಡುತ್ತಿದ್ದರು. ಅವರ ಸರದಿ ಬಂದಾಗ, "ಚಿಟ್ಟೆ ಹಾವಿನ ಹಿಂದುಗಡೆ ಹೋಗ್ತಾಳೆ ಅಂತ ಇಟ್ಕೊಳ್ಳಿ" ಎಂದರು. ಅವರ ಸ್ವಂತ ದನಿಯಲ್ಲೇ.

ಆಟದ ಜೀವ ಹೋಯಿತೆಂದು ನನಗೆ ಅಲ್ಲೇ ತಿಳಿಯಿತು. ಅಷ್ಟು ದಿನ ಅವರು ಒಮ್ಮೆಯೂ 'ಹೋಗ್ತಾಳೆ' ಅಂದಿರಲಿಲ್ಲ. 'ಹೋದೆ' ಅನ್ನುತ್ತಿದ್ದರು.

ಸರ್ಪ ಸತ್ತಿತು, ಕೆರೆ ತುಂಬಿತು, ಯಾರಿಗೂ ಏನೂ ಅನಿಸಲಿಲ್ಲ. ಆದರೂ ನಾನು ಬಿಡಲಿಲ್ಲ. ಮುಂದಿನ ವಾರ ಅವರನ್ನು ಹಡಗು ಹತ್ತಿಸಿದೆ. ಅದರ ಮುಂದಿನ ವಾರ ಮೆಣಸಿನಕಾಯಿ ಬಜ್ಜಿ ಕರಿದಿಟ್ಟೆ. ಬಜ್ಜಿ ಮುಗಿಯುವವರೆಗೆ ಆಟ ನಡೆಯಿತು. ಮೇಜನ್ನು ತಾರಸಿಗೆ ಸಾಗಿಸಿ ಗಾಳಿಯಲ್ಲಿ ಆಡಿ ನೋಡಿದೆವು. ರೇಗಿ, ಒಂದು ದಿನ ಮಂತ್ರಿ ಮತಿಸಾಗರನಿಗೆ ವಿಷ ಹಾಕಿಸಿ ಕೊಂದೇಬಿಟ್ಟೆ. ಮಾದೇಶ ಜಗಳವಾಡುತ್ತಾನೆ, ಗೋಗರೆಯುತ್ತಾನೆ, ಇನ್ನೊಮ್ಮೆ ದಾಳ ಹಾಕುತ್ತೇನೆ ಎನ್ನುತ್ತಾನೆ ಅಂದುಕೊಂಡಿದ್ದೆ.

"ಸರಿ ಬಿಡಿ ಮೇಡಂ" ಎಂದ. "ಬೇರೆ ಯಾರಾನ ಆಗ್ಲಾ, ಇಲ್ಲ ಸುಮ್ನೆ ಕೂತ್ಕೊಳ್ಳಾ?"

ಹಳೆಯ ಮಾದೇಶ ಆ ಮಂತ್ರಿಗಾಗಿ ಅತ್ತೇಬಿಡುತ್ತಿದ್ದ.

ಆ ಕನಸು ಯಾರದ್ದೆಂದು ಗೊತ್ತಾದರೆ ಸರಿಹೋದೀತೇನೋ ಎಂದು ನನಗೆ ಅನ್ನಿಸಹತ್ತಿತು. ಕೇಳದ ಆ ಪ್ರಶ್ನೆ ಐದನೆಯವರ ಹಾಗೆ ಮೇಜಿನ ಬಳಿ ಕೂತಿರುತ್ತಿತ್ತು. ಮೇಷ್ಟ್ರದ್ದೇ ಇರಬೇಕು, ಹೆಂಡತಿಯನ್ನು ಕಂಡಿರಬೇಕು ಎಂದು ಲೆಕ್ಕ ಹಾಕಿ ಒಂದು ಬೆಳಿಗ್ಗೆ ಪಾಯಸ ಮಾಡಿಕೊಂಡು ಹೋದೆ. ಡಬ್ಬಿ ಇಟ್ಟು ತಿರುಗುವಷ್ಟರಲ್ಲಿ ಮೇಷ್ಟ್ರು ಹೊರಕೋಣೆಯಿಂದ ಬಂದರು. ಬನಿಯನ್ನಿನಲ್ಲಿದ್ದರು. ಡಬ್ಬಿ ನೋಡಿ, ನನ್ನನ್ನು ನೋಡಿ, ಜಗಲಿಯ ಮೇಲೆ ಕೂತರು.

"ಇದು ನನಗೆ ಬರ್ಬೇಕಾದ್ದಲ್ಲ ವನಮಾಲಮ್ಮ."

ನಾನು ನಾಚಿಕೆಯಿಂದ ನಿಂತೆ.

"ನಮ್ಮನೆಯವಳು ದೋಸೆ ಹುಯ್ಯುವಾಗ ಪ್ರಪಂಚ ಮುಳುಗಿದ್ರೂ ಬಾಯಿ ಬಿಡ್ತಿರಲಿಲ್ಲ. ಬಂದ್ರಾ ಅಂತ ಯಾವತ್ತು ಕೇಳಿದ್ಲು ನನ್ನ? ನಂದಾಗಿದ್ರೆ ಚೆನ್ನಾಗಿತ್ತು." ಅವರು ಮಂಡಿ ಸವರಿಕೊಂಡರು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಅಡುಗೆಮನೆ ನೋಡಿದ ಮೇಲೆ ನಿಮ್ಮ ಹಾವು, ಹಡಗು ಯಾವುದಕ್ಕೂ ಮನಸ್ಸು ಬಗ್ಗಲ್ಲ. ಒಳಗಡೆ ಊಟ ನಡೀತಾ ಇದೆ, ನಾನು ಹೊರಗಡೆ ನಿಂತು ಕತ್ತಿ ತಿರುಗಿಸ್ತಾ ಇದೀನಿ ಅನ್ಸುತ್ತೆ. ಈ ವಯಸ್ಸಿಗೆ ಅದು ಕಷ್ಟ."

ಆಮೇಲೆ ಅವರು ಬರಲಿಲ್ಲ. ಕ್ಲಬ್ಬಿನಲ್ಲಿ ರಮ್ಮಿ ಆಡಲು ಹೋಗುತ್ತಾರೆಂದು ಕೇಳಿದೆ. ಮಾದೇಶನಿಗೆ ಭಾನುವಾರವೂ ಸಿಲಿಂಡರ್ ಸರಬರಾಜು ಶುರುವಾಯಿತು, ಹಾಗೆಂದು ಅವನು ಹೇಳಿದ. ಜುಲೇಖಾ ಡ್ಯೂಟಿ ಡ್ಯೂಟಿ ಎನ್ನುತ್ತಾ ಎಲ್ಲರಿಗಿಂತ ಮೊದಲೇ ಬಿಟ್ಟಿದ್ದಳು. ಯಾರೂ ಆಟ ನಿಂತಿತೆಂದು ಹೇಳಲಿಲ್ಲ, ಜಗಳವೂ ಆಗಲಿಲ್ಲ. ಒಂದು ಭಾನುವಾರ ಕಂಬಳಿ ಹಾಸಿ ಕೂತಿದ್ದವಳಿಗೆ ಇನ್ನು ಯಾರೂ ಬರುವುದಿಲ್ಲವೆಂದು ತಿಳಿದು, ಎದ್ದು ಮಡಿಸಿಟ್ಟೆ.

ಬೇಸಿಗೆ ಹಾಗೇ ಕಳೆಯಿತು. ಒಬ್ಬಳೇ ಆಡಲು ನೋಡಿದೆ. ನಾನೇ ಕಾವಲುಗಾರ, ನಾನೇ ಕಳ್ಳಿ. "ಯಾರಲ್ಲಿ?" ಎಂದು ಕೇಳಿ ನಾನೇ ಉತ್ತರ ಕೊಟ್ಟೆ. ಗೋಡೆಯ ಆಚೆ ಏನಿದೆಯೆಂದು ಗೊತ್ತಿದ್ದುಕೊಂಡು ಗೋಡೆ ಹತ್ತುವುದು ಹೇಗೆ? ದಾಳ ಮೇಜಿನ ಮೇಲೆ ಸದ್ದು ಮಾಡಿ ನಿಲ್ಲುತ್ತಿತ್ತು. ಇಪ್ಪತ್ತು ಬಿದ್ದರೂ ಒಂದು ಬಿದ್ದರೂ ಕೋಣೆಯಲ್ಲಿ ಯಾರೂ ಉಸಿರು ಹಿಡಿಯುತ್ತಿರಲಿಲ್ಲ. ಮುಂಚೆಯೂ ಒಂಟಿಯಾಗಿಯೇ ಇದ್ದೆ, ಆದರೆ ಆಗ ಭಾನುವಾರ ಎಂಬುದು ಬರಿಯ ರಜೆಯ ದಿನವಾಗಿತ್ತು. ಈಗ ಆ ಮಧ್ಯಾಹ್ನ ಬರುತ್ತಲೇ ಕಿವಿ ರಸ್ತೆಯ ಕಡೆ ಹೋಗುತ್ತಿತ್ತು. ಅಂಗಡಿಯ ಮುಂದೆ ಯಾವುದಾದರೂ ಚಪ್ಪಲಿ ಸದ್ದು ನಿಧಾನವಾದರೆ ತಲೆ ಎತ್ತುತ್ತಿದ್ದೆ. ದೇವರ ಪಟದ ಬೆಲೆ ಕೇಳಿ ಹೋಗುತ್ತಿದ್ದರು.

ಅಂಥ ದಿನಗಳಲ್ಲೇ ಒಮ್ಮೆ ಗಾಜು ಕತ್ತರಿಸುವಾಗ ಕೈ ಜಾರಿತು. ಎಡಗೈಯ ಹೆಬ್ಬೆರಳ ಬುಡ ಸೀಳಿಹೋಯಿತು. ಟವಲ್ ಸುತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಡಾಕ್ಟರು ಹೊಲಿಗೆ ಹಾಕಿ ಊಟಕ್ಕೆ ಎದ್ದುಹೋದರು. ಪಟ್ಟಿ ಕಟ್ಟಲು ಬಂದವಳು ಜುಲೇಖಾ.

"ಗಾಜಾ ಅಕ್ಕ? ನೋಡ್ಕೊಂಡು ಕುಯ್ಯೋದಲ್ವಾ?"

"ಮನಸ್ಸು ಎಲ್ಲೋ ಇತ್ತು."

ಅವಳು ಸ್ಟೂಲ್ ಎಳೆದುಕೊಂಡು ಕೂತು ಔಷಧಿ ಹಚ್ಚತೊಡಗಿದಳು. ಇಳಿದುಹೋಗಿದ್ದಳು, ಕಣ್ಣ ಕೆಳಗೆ ಕಪ್ಪು. ಹೊರಗೆ ವರಾಂಡದಲ್ಲಿ ಒಂದು ಮಗು ಒಂದೇ ಸಮ ಅಳುತ್ತಿತ್ತು. ಇಷ್ಟು ತಿಂಗಳು ಯಾರ ಹತ್ತಿರವೂ ಆಡದ ಮಾತು ನನ್ನ ಬಾಯಿಂದ ಬಂದುಬಿಟ್ಟಿತು.

"ಆ ಕನಸು ಯಾರದ್ದೋ ಏನೋ ಜುಲೇಖಾ. ಅವ್ರೇನೋ ಹಾಯಾಗಿ ದೋಸೆ ತಿಂದ್ರು. ನನ್ನ ಎರಡು ವರ್ಷ ಮಣ್ಣುಪಾಲಾಯ್ತು."

ಅವಳ ಕೈ ನಿಲ್ಲಲಿಲ್ಲ. ಹತ್ತಿ ಇಟ್ಟಳು, ಪಟ್ಟಿ ಸುತ್ತಿದಳು, ಟೇಪು ಕತ್ತರಿಸಿದಳು. ಆಮೇಲೆ ಕತ್ತರಿಯನ್ನು ಟ್ರೇಯಲ್ಲಿಟ್ಟು ಹೇಳಿದಳು.

"ಅಲ್ಲಿ ದೋಸೆ ವಾಸನೆ ಇರ್ಲಿಲ್ಲ ಅಕ್ಕ. ಫಿನಾಯಿಲ್ ವಾಸನೆ ಬರ್ತಿತ್ತು."

ನಾನು ಅವಳ ಮುಖ ನೋಡಿದೆ. ಅವಳು ಟ್ರೇಯನ್ನೇ ನೋಡುತ್ತಿದ್ದಳು.

"ನೈಟ್ ಡ್ಯೂಟಿ ಅಂದಿದ್ದೆಯಲ್ಲ."

"ಸುಳ್ಳು ಹೇಳ್ದೆ. ಆವತ್ತು ರಜಾ ಇತ್ತು."

ಮಗುವಿನ ಅಳು ನಿಂತಿತು. ಯಾರೋ ಎತ್ತಿಕೊಂಡಿರಬೇಕು.

"ಇದೇ ವರಾಂಡದಲ್ಲಿ ನನ್ನ ಬಿಟ್ಟು ಹೋಗಿದ್ರಂತೆ" ಎಂದಳು. "ಇಲ್ಲಿದ್ದ ಆಯಾ ತನ್ನ ತಾಯಿ ಹೆಸರನ್ನೇ ಇಟ್ಳು. ಬೆಳೆದಿದ್ದೆಲ್ಲ ಮಾರ್ಕೆಟ್ ಹಿಂದುಗಡೆ ಬಾಲಮಂದಿರದಲ್ಲಿ. ಅಲ್ಲಿ ಅಡುಗೆಮನೆಗೆ ನಮ್ಮನ್ನ ಬಿಡ್ತಿರಲಿಲ್ಲ ಅಕ್ಕ. ಗೋಡೇಲೊಂದು ಕಂಡಿ ಇತ್ತು. ತಟ್ಟೆ ಒಳಗೆ ತಳ್ಳಿದ್ರೆ ಅನ್ನ ಹಾಕಿ ಈಚೆ ತಳ್ಳೋರು. ಬಗ್ಗಿ ನೋಡಿದ್ರೆ ಅಡುಗೆಯವರ ಬೆನ್ನು ಮಾತ್ರ ಕಾಣ್ತಿತ್ತು. ನೆಲಕ್ಕೆಲ್ಲ ಫಿನಾಯಿಲ್ ಸುರಿಯೋರು." ಅವಳು ಟ್ರೇಯನ್ನು ಪಕ್ಕಕ್ಕೆ ಸರಿಸಿದಳು. "ಮುಖ ಯಾರದ್ದು ಹಾಕ್ಲಿ? ಗೊತ್ತಿದ್ದಿದ್ರೆ ದೋಸೆ ಹುಯ್ಯೋ ಆ ಹೆಂಗಸನ್ನ ತಿರುಗಿಸ್ತಿದ್ದೆ."

ತಿಂಗಳುಗಟ್ಟಲೆ ಮನಸ್ಸಿನಲ್ಲೇ ಒಬ್ಬ ಕಳ್ಳನನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದೆ. ಆ ಕಳ್ಳಿ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಆ ವಾರ ಪೂರ್ತಿ ಅದೇ ಯೋಚನೆ ಅಕ್ಕ. ಬಾಗಿಲ ಹಿಂದೆ ಏನಿರಬಹುದು, ಏನಿರಬಹುದು ಅಂತ. ಇಂಜೆಕ್ಷನ್ ಚುಚ್ಚುವಾಗ್ಲೂ ಅದೇ. ಅದಕ್ಕೇ ಬಿತ್ತೇನೋ. ಆಮೇಲೆ ಭಾನುವಾರ ನೀವು ಅಷ್ಟು ಕಷ್ಟಪಟ್ಟು ಹೇಳ್ತಿದ್ರಿ, ಯಾರೂ ಕೇಳ್ತಿರಲಿಲ್ಲ. ನನ್ನಿಂದಾನೇ ಹೀಗಾಯ್ತು ಅಂತ ಬರೋದೇ ಬಿಟ್ಟೆ." ಕಣ್ಣೊರೆಸಿಕೊಂಡು, "ನಿಮ್ಮ ಹಾವು ಚೆನ್ನಾಗಿತ್ತು ಅಕ್ಕ" ಎಂದಳು.

"ಸುಳ್ಳು."

"ಹೂಂ, ಸುಳ್ಳು" ಎಂದಳು. ಇಬ್ಬರಿಗೂ ನಗು ಬಂತು. ನಗುವಾಗ ಹೊಲಿಗೆ ಎಳೆದು ನನ್ನ ಕಣ್ಣಲ್ಲಿ ನೀರು ಬಂತು.

ಆಗ ಅವಳು, ಈ ಊರಿನಲ್ಲಿ ಯಾರೂ ಕೇಳದ್ದನ್ನು ಕೇಳಿದಳು. "ನಿಮ್ದು ಯಾವತ್ತಾದ್ರೂ ಬಿದ್ದಿದ್ಯಾ ಅಕ್ಕ?"

ಬೇರೆ ಯಾರಾದರೂ ಆಗಿದ್ದರೆ ಎದ್ದುಹೋಗುತ್ತಿದ್ದೆ. "ಇಲ್ಲ" ಎಂದೆ. "ಒಂದು ಸಲಾನೂ ಇಲ್ಲ."

ಅವಳು ಸಮಾಧಾನ ಹೇಳಲಿಲ್ಲ. ಮುಂದೆ ಬಿದ್ದೀತು ಎಂದೂ ಹೇಳಲಿಲ್ಲ. ಕಟ್ಟಿದ ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತುತ್ತಾ ಕೂತಳು. ನಾನು ಉಳಿದದ್ದನ್ನೂ ಹೇಳಿಬಿಟ್ಟೆ. "ತಟ್ಟೆ ಮೂರೇ ಇದ್ವು."

"ಯಾವ ತಟ್ಟೆ?" ಎಂದು ಕೇಳಿದವಳಿಗೆ ಆಮೇಲೆ ನೆನಪಾಯಿತು. "ಆಡೋರು ನಾವು ಮೂರೇ ಜನ ಅಲ್ವಾ ಅಕ್ಕ? ನೀವು ಯಾವತ್ತೂ..." ಎಂದು ಅರ್ಧಕ್ಕೆ ನಿಲ್ಲಿಸಿ ನನ್ನನ್ನೇ ನೋಡಿದಳು. ಅಷ್ಟರಲ್ಲಿ ಹೊರಗಿನಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಅವಳು ಎದ್ದಳು. ಬಾಗಿಲ ಹತ್ತಿರ ನಿಂತು, "ಭಾನುವಾರ ಬರ್ತೀನಿ. ಎಲ್ಲರಿಗೂ ಹೇಳಿಕಳಿಸಿ" ಎಂದು ಹೋದಳು.

ಹೇಳಿಕಳಿಸಿದೆ. ಮೇಷ್ಟ್ರು, ನೋಡೋಣಮ್ಮ ಎಂದರಂತೆ. ಭಾನುವಾರ ಕಂಬಳಿ ಕೊಡವಿ ಹಾಸಿದೆ. ಜುಲೇಖಾ ಒಬ್ಬಳೇ ಬಂದಳು, ಯೂನಿಫಾರ್ಮಿನಲ್ಲೇ. ಉಳಿದಿಬ್ಬರಿಗಾಗಿ ಕಾದೆವು. ಮಾದೇಶನ ಗಾಡಿ ಅಂಗಡಿಯ ಮುಂದೆ ನಿಧಾನವಾಯಿತು. ಅವನು ಬಗ್ಗಿ ಷಟರಿನ ಕೆಳಗಿಂದ ನೋಡಿ, "ಲೋಡ್ ಐತೆ ಮೇಡಂ, ಮುಂದಿನ ವಾರ ಖಂಡಿತ" ಎಂದು ಹೋದ. ಅವನ ಖಂಡಿತದಲ್ಲಿ ಎಷ್ಟು ನಿಜವಿತ್ತೋ. ಮೇಷ್ಟ್ರ ಟೀ ತಣ್ಣಗಾಗಿ ಕೆನೆ ಕಟ್ಟಿತು. ನಾವಿಬ್ಬರೂ ಆ ಲೋಟವನ್ನು ನೋಡುತ್ತಾ ಕೂತಿದ್ದೆವು.

"ಇಬ್ಬರಿಗೆ ಏನು ಹೇಳೋದು ಜುಲೇಖಾ" ಎಂದೆ. "ನನ್ಹತ್ರ ಈಗ ಏನೂ ಉಳಿದಿಲ್ಲ."

"ನೀವು ಹೇಳ್ಬೇಡಿ." ಅವಳು ಎದ್ದು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದಳು. "ಏಳಿ. ಆ ಕಡೆ ಕೂತ್ಕೊಳ್ಳಿ. ಇವತ್ತು ನಾನು ಹೇಳ್ತೀನಿ, ನೀವು ಆಡಿ."

ನನಗೆ ಗಾಬರಿಯಾಯಿತು. ಆಡುವವರ ಕಡೆ ನಾನು ಒಮ್ಮೆಯೂ ಕೂತಿರಲಿಲ್ಲ. ಅಲ್ಲಿಂದ ಅಂಗಡಿ ಬೇರೆಯಾಗಿ ಕಾಣುತ್ತಿತ್ತು. ಗೋಡೆಯ ಮೇಲಿನ ಪಟಗಳೆಲ್ಲ ಅವಳ ಹಿಂದೆ ಹೋದವು. ಜುಲೇಖಾ ದಾಳಗಳನ್ನು ತನ್ನ ಮುಂದೆ ಗುಡ್ಡೆ ಮಾಡಿಕೊಂಡು, ಓ.ಪಿ.ಡಿ. ಚೀಟಿ ಬರೆಯುವವಳ ಹಾಗೆ ಕೇಳಿದಳು.

"ಹೆಸರು?"

ನೂರಾರು ರಾಜರಿಗೆ, ಭೂತಗಳಿಗೆ, ಊರುಗಳಿಗೆ ಹೆಸರಿಟ್ಟವಳಿಗೆ ಒಂದು ಹೆಸರು ಹೊಳೆಯಲಿಲ್ಲ. ಕೊನೆಗೆ "ಸುಗಂಧಿ" ಎಂದೆ.

"ವಯಸ್ಸು?"

"ಮೂವತ್ತು."

ಅವಳು ನನ್ನನ್ನು ಒಮ್ಮೆ ನೋಡಿದಳು. "ಏನ್ ಕೆಲ್ಸ?"

"ಏನೂ ಇಲ್ಲ. ಎಲ್ಲಿಗೋ ಹೋಗ್ತಿರೋಳು."

"ಸರಿ." ಜುಲೇಖಾ ಗಂಟಲು ಸರಿಮಾಡಿಕೊಂಡಳು. "ಬಸ್ಸು. ಮಧ್ಯಾಹ್ನ. ಜನ ಕಮ್ಮಿ." ಮತ್ತೆ ನಿಲ್ಲಿಸಿದಳು. ಹೇಗೆ ಮುಂದುವರಿಸಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದಳು. "ಕಿಟಕಿ ಗಾಜು ಮೇಲಕ್ಕೆ ಹೋಗಲ್ಲ, ಅರ್ಧಕ್ಕೇ ಸಿಕ್ಕೊಂಡಿದೆ. ಹೊರಗಡೆ ಸೂರ್ಯಕಾಂತಿ ಹೊಲ. ನೀವು ನಿದ್ದೆ ಮಾಡ್ಬಿಟ್ಟಿದ್ರಿ. ಬಸ್ಸು ಒಂದು ಊರಲ್ಲಿ ನಿಂತಿದೆ. ಯಾವೂರು ಅಂತ ನಿಮಗೆ ಗೊತ್ತಿಲ್ಲ. ಕಂಡಕ್ಟರು ಇಳಿಯೋರು ಇಳೀರಿ ಅಂತಿದಾನೆ. ಏನ್ ಮಾಡ್ತೀರಿ?"

ಅವಳು ಹೇಳಿದ್ದರಲ್ಲಿ ಅಂಥದ್ದೇನೂ ಇರಲಿಲ್ಲ. ಹಾವಿಲ್ಲ, ಮುಳುಗಿದ ದೋಣಿಯಿಲ್ಲ. ಆದರೂ ನನ್ನ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಮುಂದೇನಿದೆಯೆಂದು ನನಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದವಳು ಎದುರಿಗೆ ಕೂತಿದ್ದಳು. ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದಳು.

"ಸ್ಟ್ಯಾಂಡಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದೆ. "ನನ್ನ ಕರ್ಕೊಂಡು ಹೋಗೋಕೆ ಯಾರಾದ್ರೂ ಬಂದಿದಾರಾ?"

ಅಂಥದ್ದಕ್ಕೆಲ್ಲ ನಾವು ದಾಳ ಹಾಕುತ್ತಿದ್ದೆವು. ಜುಲೇಖಾ ದುಂಡಗಿನ ದೊಡ್ಡ ದಾಳವನ್ನು ಕೈಗೆತ್ತಿಕೊಂಡಳು. ಅಂಗೈಯಲ್ಲಿ ಕುಲುಕಿದಳು. ಆಮೇಲೆ ಏನನ್ನಿಸಿತೋ, ಹಾಗೇ ಕೆಳಗಿಟ್ಟಳು.

"ಬಂದಿದಾರೆ. ಇದಕ್ಕೆ ದಾಳ ಬೇಡ."

"ಯಾರು?"

"ಇಳಿದ್ರೆ ತಾನೆ ಗೊತ್ತಾಗೋದು?"

ನಾನು ಇಳಿದೆ.